60 ಇಂಚಿನ ಟೇಪು ಹಿಡಿದು ಕಾರು ನೋಡಿದ್ದು

ನನ್ನ ಟೇಪು 60 ಇಂಚಿನದು. ಟೈಲರ್‌ಗಳ ಟೇಪು ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಒಂದು ಮಗ್ಗುಲಲ್ಲಿ ಇಂಚು, ತಿರುಗಿಸಿದರೆ 150 ಸೆಂಟಿಮೀಟರು. ಇಪ್ಪತ್ತು ವರ್ಷದಿಂದ ಅದು ನನ್ನ ಕುತ್ತಿಗೆ ಬಿಟ್ಟು ಇಳಿದಿಲ್ಲ. ಕಳೆದ ಆಗಸ್ಟ್‌ನಲ್ಲಿ ಮೊದಲ ಸಲ ಕಾರಿನ ಶೋರೂಮಿಗೆ ಹೋದಾಗಲೂ ಕುತ್ತಿಗೆಯಲ್ಲೇ ಇತ್ತು. ತೆಗೆದಿಟ್ಟು ಬರುವುದು ಮರೆತಿದ್ದೆ. ಹೇಗೂ ಇದೆಯಲ್ಲ ಅಂತ ಆಲ್ಟೋ ಕೆ10 ಹಿಂದೆ ನಿಂತು ಈ ತುದಿಯಿಂದ ಆ ತುದಿಗೆ ಹಿಡಿದೆ. 58 ಮುಕ್ಕಾಲು. ಒಂದೇ ಟೇಪಿನೊಳಗೆ ಬಂತು.

"ಮೇಡಮ್, ಅದೆಲ್ಲ ಬ್ರೋಶರ್‌ನಲ್ಲೇ ಇದೆ" ಅಂದ ಅಲ್ಲಿದ್ದ ಹುಡುಗ.

ಇರಲಿ ಬಿಡಪ್ಪಾ ಅಂದೆ. ಗಿರಾಕಿ ಬಂದು ನನ್ನ ಸೊಂಟ 32 ಅಂದರೆ ನಾನು ಅದನ್ನು ನಂಬಿ ಕತ್ತರಿ ಹಾಕುತ್ತೇನಾ?

ನಮ್ಮ ಮನೆ ಹನುಮಂತನಗರದಲ್ಲಿ. ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸು, ಚೂಡಿದಾರ, ಸೀರೆಗೆ ಫಾಲ್, ಮದುವೆ ಸೀಸನ್‌ನಲ್ಲಿ ಲಂಗ. ನಮ್ಮನೆಯವರಿಗೆ ಸ್ಕೂಟರ್ ಸಾಕು, ಕಾರಿನ ಸ್ಟೇರಿಂಗ್ ಹಿಡಿಯುವ ಆಸೆ ಅವರಿಗೆ ಯಾವತ್ತೂ ಇರಲಿಲ್ಲ. ನನಗೂ ಇರಲಿಲ್ಲ ಅಂತಲೇ ಅಂದುಕೊಂಡಿದ್ದೆ. ಆದರೆ ಹೋದ ವರ್ಷ ಅರಸೀಕೆರೆಯಿಂದ ಅಮ್ಮ ಬಂದು ನಮ್ಮ ಜೊತೆ ಇರತೊಡಗಿದರು. ಎಡ ಮಂಡಿ ಆಪರೇಷನ್ ಆಯಿತು. ಅಲ್ಲಿಂದ ವಾರಕ್ಕೆ ಎರಡು ಸಲ ಜಯನಗರ 4ನೇ ಬ್ಲಾಕಿಗೆ ಫಿಸಿಯೋಥೆರಪಿ.

ಮೊದಲು ಆಟೋದಲ್ಲೇ ಓಡಾಡಿದೆವು. ಅದರ ಲೆಕ್ಕ ಹೇಳಿಬಿಡುತ್ತೇನೆ, ಯಾಕೆಂದರೆ ಕಾರು ಕೊಳ್ಳುವವರು ಈ ಲೆಕ್ಕವನ್ನು ಬೇಕೆಂದೇ ಮರೆಯುತ್ತಾರೆ. ಆಗಸ್ಟ್ 2025ರಿಂದ ಬೆಂಗಳೂರಲ್ಲಿ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ನಮ್ಮ ಮನೆಯಿಂದ ಅಲ್ಲಿಗೆ ಸುಮಾರು 5 ಕಿಲೋಮೀಟರು. ಮೀಟರ್ ಹಾಕಿದರೆ 90 ರೂಪಾಯಿ. ಹೋಗಿ ಬರುವುದು 180. ವಾರಕ್ಕೆ 360. ತಿಂಗಳಿಗೆ ಸಾವಿರದ ಐನೂರು, ಆರುನೂರು. ಮೀಟರ್ ಮೇಲೆ ಇಪ್ಪತ್ತು ಮೂವತ್ತು ಕೊಟ್ಟರೂ ಎರಡು ಸಾವಿರದ ಆಸುಪಾಸಿನಲ್ಲೇ ಮುಗಿಯುತ್ತದೆ. ಈ ದುಡ್ಡಿಗೆ ಕಾರಿನ ಕಂತಿರಲಿ, ಇನ್ಷೂರೆನ್ಸ್, ಸರ್ವಿಸ್, ಪೆಟ್ರೋಲೂ ಸರಿಯಾಗಿ ಹುಟ್ಟುವುದಿಲ್ಲ. ಬರೀ ಲೆಕ್ಕ ನೋಡಿದರೆ ಆಟೋನೇ ಗೆಲ್ಲುತ್ತದೆ.

ಆದರೆ ಆಟೋ ಹತ್ತುವಾಗ ಅಮ್ಮ ಆಪರೇಷನ್ ಆದ ಕಾಲನ್ನು ಎತ್ತಿ ಒಳಗಿಡಬೇಕು, ಆಮೇಲೆ ತಲೆ ಬಗ್ಗಿಸಿ, ಸೊಂಟ ತಿರುಗಿಸಿ ಕೂರಬೇಕು. ರಾಮಕೃಷ್ಣ ಆಶ್ರಮದ ಸರ್ಕಲ್ ದಾಟುವಷ್ಟರಲ್ಲಿ ಪ್ರತಿ ರೋಡ್ ಹಂಪ್‌ಗೂ ಒಂದು "ಶಿವಾ". ಒಂದು ದಿನ ಮಳೆಯಲ್ಲಿ ನಾಲ್ಕು ಆಟೋ ಕ್ಯಾನ್ಸಲ್ ಆದವು. ಅಮ್ಮ ಮೆಟ್ಟಿಲ ಮೇಲೆ ಕೋಲು ಹಿಡಿದು ಕೂತಿದ್ದರು. ನನ್ನನ್ನು ನೋಡಿ, "ಇವತ್ತು ಬೇಡ ಬಿಡೇ, ನೋವೇನೂ ಇಲ್ಲ" ಅಂದರು. ನೋವಿತ್ತು. ಅವತ್ತು ರಾತ್ರಿ ಚೀಟಿ ದುಡ್ಡು ಎಷ್ಟಿದೆ ಅಂತ ನೋಡಿದೆ. ಐದು ಲಕ್ಷ ಬರುವುದಿತ್ತು. ಮಗಳ ಕಾಲೇಜಿಗೆ ಅಂತ ಕಟ್ಟಿದ್ದು, ಅವಳಿಗೆ ಸೀಟು ಕಡಿಮೆ ಫೀಸಿನಲ್ಲೇ ಸಿಕ್ಕಿತ್ತು.

ಕಾರು ಓಡಿಸಲು ಕಲಿತ ಕಥೆ ಬೇರೆಯೇ ಬರೆಯಬೇಕು. ಒಂದು ಮಾತ್ರ ಇಲ್ಲಿ ಹೇಳುತ್ತೇನೆ. ಹನುಮಂತನಗರ ಗೊತ್ತಿದ್ದವರಿಗೆ ಇಲ್ಲಿನ ಏರು ಗೊತ್ತು. ಮೌಂಟ್ ಜಾಯ್ ಕಡೆ, ಕುಮಾರಸ್ವಾಮಿ ದೇವಸ್ಥಾನದ ಕಡೆ, ಎಲ್ಲಿ ಹೋದರೂ ಗುಡ್ಡ. ಕ್ಲಾಸಿನ ಹತ್ತನೇ ದಿನವೋ ಏನೋ, ಏರಿನಲ್ಲಿ ಗಾಡಿ ನಿಂತುಹೋಯಿತು. ಹಾಫ್ ಕ್ಲಚ್ ಹಿಡಿಯಲು ಬರಲಿಲ್ಲ. ಎತ್ತಿದರೆ ಆಫ್ ಆಗುತ್ತದೆ, ಒತ್ತಿದರೆ ಹಿಂದೆ ಜಾರುತ್ತದೆ. ಕಲಿಸುವವರು ಬ್ರೇಕ್ ಹಿಡಿದುಕೊಂಡು ಕೂತಿದ್ದರೂ ನನ್ನ ಕೈಕಾಲು ನಡುಗುತ್ತಿತ್ತು. ಹಿಂದೆ ಒಬ್ಬ ಆಟೋದವರು ಹಾರ್ನ್ ಹೊಡೆಯುವುದು ಬಿಟ್ಟು ಇಳಿದು ಬಂದರು. ರಸ್ತೆ ಬದಿಯ ಒಂದು ಸೈಜುಗಲ್ಲು ತಂದು ಹಿಂದಿನ ಚಕ್ರಕ್ಕೆ ಕೊಟ್ಟರು. "ಅಕ್ಕಾ, ಈಗ ಬಿಡಿ ಆರಾಮಾಗಿ" ಅಂದರು. ಆ ಕಲ್ಲಿನ ನೆನಪು ಮುಂದೆ ಕಾರು ಆರಿಸುವಾಗ ಸುಮಾರು ಐವತ್ತು ಸಾವಿರ ರೂಪಾಯಿ ಖರ್ಚು ಮಾಡಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಅಳತೆ.

ಒಂದು ಭಾನುವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಮನೆ ಅಳೆದೆ. ಗೇಟು 82 ಇಂಚು. ಒಳಗೆ ಕಾರು ನಿಲ್ಲಬೇಕಾದ ಜಾಗದ ಅಗಲ 96, ಉದ್ದ 156. ಆ ಉದ್ದವೂ ಹಳೆಯ ಹೊಲಿಗೆ ಮೆಷಿನ್, ಗ್ಯಾಸ್ ಸಿಲಿಂಡರ್, ನಮ್ಮನೆಯವರು ಯಾವತ್ತೋ ಬಳಸುತ್ತೇನೆ ಅಂತ ಇಟ್ಟಿರುವ ಹಲಗೆಗಳನ್ನೆಲ್ಲ ತೆಗೆದರೆ. ಗಲ್ಲಿಯಲ್ಲಿ ಎರಡೂ ಬದಿ ಬೈಕು ನಿಂತಾಗ ಉಳಿಯುವುದು ಹತ್ತಿರ ಹತ್ತಿರ ಎಂಟೂವರೆ ಅಡಿ. ಟೇಪು ಸಾಲದೆ ಎರಡು ಸಲ ಹಿಡಿಯಬೇಕಾಯಿತು. ಎದುರು ಮನೆ ಆಂಟಿ ಹೊರಗೆ ಬಂದು, "ಏನ್ರೀ, ಬಿಬಿಎಂಪಿಯವರು ರಸ್ತೆ ಅಗಲ ಮಾಡ್ತಾರಂತಾ?" ಅಂತ ಗಾಬರಿಯಾದರು.

ಆಮೇಲೆ ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲೇ ಕೊನೆಯ ಪುಟಕ್ಕೆ ಕಾರುಗಳ ಅಳತೆ ಬರೆದುಕೊಂಡೆ. ಕಂಪನಿಯವರು ಮಿಲಿಮೀಟರಿನಲ್ಲಿ ಕೊಡುತ್ತಾರೆ, ನನಗೆ ಇಂಚೇ ಅರ್ಥವಾಗುವುದು. ಆಲ್ಟೋ ಕೆ10: ಉದ್ದ 139, ಅಗಲ 58 ಮುಕ್ಕಾಲು, ಎತ್ತರ 60. ವ್ಯಾಗನ್‌ಆರ್: ಉದ್ದ 144, ಅಗಲ 64, ಎತ್ತರ 66. ಟಿಯಾಗೋ: ಉದ್ದ 148, ಅಗಲ 66, ಎತ್ತರ 60 ಕಾಲು ಚಿಲ್ಲರೆ. ಮಗಳ ಒತ್ತಾಯಕ್ಕೆ ಪಂಚ್ ಕೂಡ ಬರೆದೆ: ಉದ್ದ ನೂರೈವತ್ತು ಮುಕ್ಕಾಲು, ಅಗಲ 68 ಮುಕ್ಕಾಲಿಗೆ ಹತ್ತಿರ. ಈ ಅಗಲ ಯಾವುದರಲ್ಲೂ ಕನ್ನಡಿ ಸೇರಿಲ್ಲ. ಗೇಟು ದಾಟುವಾಗ ಹೆದರಿಕೆ ಹುಟ್ಟಿಸುವುದು ಕನ್ನಡಿಯೇ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಇನ್ನೊಂದು, ಕಾರು ಒಳಗೆ ಹೋದರೆ ಸಾಲದು, ಓಡಿಸುವವಳು ಹೊರಗೆ ಬರಬೇಕು. ನಮ್ಮ 96 ಇಂಚಿನಲ್ಲಿ ವ್ಯಾಗನ್‌ಆರ್ 64 ತೆಗೆದುಕೊಂಡರೆ ಉಳಿದದ್ದು 32. ಎಡಗೋಡೆಗೆ ನಾಲ್ಕು ಬೆರಳು ಬಿಟ್ಟು ಒತ್ತಿ ನಿಲ್ಲಿಸಿದರೆ ನನ್ನ ಕಡೆ ಬಾಗಿಲು ತೆಗೆದು ಇಳಿಯಬಹುದು. ಪಂಚ್ ಆದರೆ ಅಲ್ಲೇ ಐದು ಇಂಚು ಕಡಿಮೆ. ನಾನು ತೆಳ್ಳಗಿಲ್ಲ. ಬ್ಲೌಸಿಗೆ ಒಳಗೆ ಮಾರ್ಜಿನ್ ಬಿಡದೆ ಹೊಲಿದರೆ ಹಬ್ಬದ ಊಟ ಮಾಡಿದ ದಿನ ಏನಾಗುತ್ತದೆ ಅಂತ ನನಗೆ ಗೊತ್ತು.

ಶುರುವಿನಲ್ಲಿ ಸೆಕೆಂಡ್ ಹ್ಯಾಂಡೇ ನೋಡಿದ್ದು. ಮೊದಲ ಕಾರು, ಹೇಗೂ ಗೀರು ಬೀಳುತ್ತದೆ, ಹೊಸದಕ್ಕೆ ಯಾಕೆ ದುಡ್ಡು ಸುರಿಯುವುದು ಅಂತ ನಮ್ಮನೆಯವರ ವಾದ. ಸರಿಯಾದ ವಾದವೇ. ಮೂರು ಕಡೆ ನೋಡಿದೆವು. ನಮ್ಮ ರಸ್ತೆಯ ಗ್ಯಾರೇಜಿನವರು ಜೊತೆಗೆ ಬಂದರು. ಅವರು ತೋರಿಸಿಕೊಟ್ಟದ್ದನ್ನು ದುಡ್ಡು ಕೊಟ್ಟು ಕಲಿಯಬೇಕಿತ್ತು ಅಂತ ಈಗ ಅನಿಸುತ್ತದೆ. ಕಾರಿನ ಪ್ರತಿ ಗಾಜಿನ ಮೂಲೆಯಲ್ಲೂ ತಯಾರಿಯ ಗುರುತಿರುತ್ತದೆ. ಎಲ್ಲ ಗಾಜಿನ ವರ್ಷವೂ ಒಂದೇ ಇರಬೇಕು. ಒಂದು ಬೇರೆ ಇದ್ದರೆ ಯಾಕೆ ಬದಲಾಯಿತು ಅಂತ ಕೇಳಬೇಕು. ಏರ್‌ಬ್ಯಾಗಿನದೂ ನೋಡಬೇಕು. 2019ರ ಜುಲೈಯಿಂದ ಹೊಸ ಕಾರಿಗೆಲ್ಲ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಯಿತು. ಪಕ್ಕದ ಸೀಟಿನದು ಎಲ್ಲ ಕಾರಿಗೂ ಕಡ್ಡಾಯ ಆಗಿದ್ದು 2021ರ ಕೊನೆಗೆ. ಅದಕ್ಕಿಂತ ಹಳೆಯ ಕಡಿಮೆ ಬೆಲೆಯ ಮಾಡೆಲ್ ಆದರೆ ಅಮ್ಮ ಕೂರುವ ಕಡೆ ಏರ್‌ಬ್ಯಾಗೇ ಇಲ್ಲದಿರಬಹುದು.

ಒಂದು ಕಡೆ ಬೂದು ಬಣ್ಣದ ಕಾರೊಂದು ಇಷ್ಟವಾಯಿತು. ಯಾರ ಹತ್ತಿರ, ಯಾವ ಕಾರು ಅಂತ ಬೇಡ. ಫಸ್ಟ್ ಓನರ್, 38 ಸಾವಿರ ಕಿಲೋಮೀಟರ್ ಅಂದರು. ಮೀಟರಲ್ಲೂ ಅಷ್ಟೇ ಇತ್ತು. ಸೀಟಿಗೆ ಹೊಚ್ಚ ಹೊಸ ಕವರ್. ಹೊಸ ಕವರ್ ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದು ಅಂಚು ಎತ್ತಿ ನೋಡಿದೆ. ಡ್ರೈವರ್ ಸೀಟಿನ ಒಳಗಿನ ಬಟ್ಟೆ, ಹೊರಗಿನ ಅಂಚಿನಲ್ಲಿ, ಹತ್ತಿ ಇಳಿಯುವಾಗ ತೊಡೆ ಉಜ್ಜುತ್ತದಲ್ಲ, ಅಲ್ಲಿ ಪೂರಾ ಸವೆದು ಹೊಲಿಗೆ ಬಾಯಿ ಬಿಟ್ಟಿತ್ತು. ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ. ದಿನಾ ಉಟ್ಟ ಸೀರೆಯ ಅಂಚಿಗೂ ಬೀರುವಿನಲ್ಲಿಟ್ಟ ಸೀರೆಯ ಅಂಚಿಗೂ ವ್ಯತ್ಯಾಸ ನನಗೆ ಗೊತ್ತಾಗದೆ ಇರುತ್ತದಾ? ಗ್ಯಾರೇಜಿನವರು ಸರ್ವಿಸ್ ದಾಖಲೆ ಕೇಳಿದರು. ಕೊನೆಯ ಸರ್ವಿಸ್ ಆದಾಗಲೇ 71 ಸಾವಿರ ದಾಟಿತ್ತು.

ಅಷ್ಟಕ್ಕೇ ಬಿಡದೆ ಅವರು ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆಯಿರಿ ಅಂದರು. ಎಳೆದೆ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಕಂದು ಬಣ್ಣದ ಒಂದು ಗೆರೆ, ನೀರಿನಲ್ಲಿ ನಿಂತ ಪಂಚೆಗೆ ಬೀಳುವಂಥದ್ದು. 2022ರ ಸೆಪ್ಟೆಂಬರ್ ನೆನಪಿದೆ ಅಲ್ವಾ? ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟಿನಲ್ಲಿ ಕಾರುಗಳು ಮುಳುಗಿದ್ದವು. ಅಲ್ಲಿಯದೇ ಅಂತ ಹೇಳಲಾರೆ. ಆದರೆ ಎಲ್ಲೋ ನೀರು ಕುಡಿದ ಗಾಡಿ ಅನ್ನುವುದು ಬಟ್ಟೆಯೇ ಹೇಳುತ್ತಿತ್ತು. ಸೀಟು ತೊಳೆಯುತ್ತಾರೆ, ಮ್ಯಾಟ್ ಬದಲಿಸುತ್ತಾರೆ, ಬೆಲ್ಟಿನ ಬುಡ ತೊಳೆಯುವುದು ಮರೆಯುತ್ತಾರೆ. ಥ್ಯಾಂಕ್ಸ್ ಹೇಳಿ ಹೊರಗೆ ಬಂದೆವು. ಬರುವಾಗ ಅವರು ಹತ್ತು ಸಾವಿರ ಇಳಿಸಿದರು, ಗೇಟಿನ ಹತ್ತಿರ ಇನ್ನೂ ಹದಿನೈದು.

ಇದೆಲ್ಲ ನಡೆಯುತ್ತಿರುವಾಗಲೇ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯಲ್ಲಿ ಜಿಎಸ್‌ಟಿ ಇಳಿಸುವ ಮಾತಾಡಿದರು. ಮಗಳು ಫೋನ್ ತಂದು ತೋರಿಸಿ, "ಅಮ್ಮ, ಒಂದು ತಿಂಗಳು ಏನೂ ತಗೋಬೇಡ" ಅಂದಳು. ಸೆಪ್ಟೆಂಬರ್ 3ಕ್ಕೆ ಕೌನ್ಸಿಲ್ ಸಭೆಯಲ್ಲಿ ತೀರ್ಮಾನ ಆಯಿತು. 4 ಮೀಟರಿಗಿಂತ ಉದ್ದ ಇಲ್ಲದ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಮೊದಲು 28% ತೆರಿಗೆ, ಮೇಲೆ 1% ಸೆಸ್ ಇತ್ತು. ಅದು 18%ಕ್ಕೆ ಇಳಿಯಿತು. ಜಾರಿಯಾದದ್ದು ಸೆಪ್ಟೆಂಬರ್ 22ಕ್ಕೆ, ಸರಿಯಾಗಿ ನವರಾತ್ರಿಯ ಮೊದಲ ದಿನ. ಆಲ್ಟೋ ಕೆ10 ಎಕ್ಸ್‌ಶೋರೂಮ್ 3,69,900ರಿಂದ ಶುರುವಾಯಿತು. ವ್ಯಾಗನ್‌ಆರ್ 4,98,900ರಿಂದ. ಟಿಯಾಗೋ 4.57 ಲಕ್ಷದಿಂದ. ಹೊಸದಕ್ಕೂ ಹಳೆಯದಕ್ಕೂ ಅಂತರ ಇಷ್ಟು ಕಡಿಮೆಯಾದ ಮೇಲೆ ಆ ಕಂದು ಗೆರೆ ನೋಡಿದ ನನಗೆ ಸೆಕೆಂಡ್ ಹ್ಯಾಂಡಿನ ಮೇಲೆ ಮನಸ್ಸೇ ನಿಲ್ಲಲಿಲ್ಲ.

ಎಕ್ಸ್‌ಶೋರೂಮ್ ಬೆಲೆ ನೋಡಿ ಖುಷಿಪಡಬೇಡಿ. ನಮ್ಮ ರಾಜ್ಯದಲ್ಲಿ ರೋಡ್ ಟ್ಯಾಕ್ಸ್ ಜಾಸ್ತಿ. ಐದು ಲಕ್ಷದ ಒಳಗಿನ ಕಾರಿಗೆ 13%, ಐದರಿಂದ ಹತ್ತು ಲಕ್ಷಕ್ಕೆ 14%, ಆ ತೆರಿಗೆಯ ಮೇಲೆ ಮತ್ತೆ 11% ಸೆಸ್. ಐದೂವರೆ ಲಕ್ಷದ ಕಾರು ಅಂದರೆ ಇದೊಂದೇ 85 ಸಾವಿರ ದಾಟುತ್ತದೆ. ಮೇಲೆ ಇನ್ಷೂರೆನ್ಸ್, ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷದ್ದು ಒಟ್ಟಿಗೇ ಕಟ್ಟಬೇಕು. ಬಟ್ಟೆಯ ರೇಟು ಕೇಳಿ ಬಂದ ಗಿರಾಕಿಗೆ ಲೈನಿಂಗ್, ಫಾಲ್, ಗುಂಡಿ, ಕುಚ್ಚು ಎಲ್ಲ ಸೇರಿಸಿ ಬಿಲ್ಲು ಕೊಟ್ಟಾಗ ಅವರ ಮುಖ ಹೇಗಾಗುತ್ತದೋ ನನ್ನ ಮುಖ ಅವತ್ತು ಹಾಗಾಯಿತು.

ಇನ್ನು ಅಮ್ಮನನ್ನು ಕರೆದುಕೊಂಡು ಹೋಗಿ ಕೂರಿಸಿ ನೋಡುವುದು. ಇದನ್ನು ಎಲ್ಲರೂ ಮಾಡಬೇಕು. ಕಾರಿನಲ್ಲಿ ಹೆಚ್ಚು ಕಷ್ಟಪಡುವವರು ಯಾರೋ ಅವರನ್ನು ಮೊದಲು ಕೂರಿಸಬೇಕು. ಅಮ್ಮನ ಎತ್ತರ ನಾಲ್ಕು ಅಡಿ ಹನ್ನೊಂದು ಮುಕ್ಕಾಲು ಇಂಚು. ಆಲ್ಟೋ ಪಕ್ಕದಲ್ಲಿ ನಿಂತರೆ ಇಬ್ಬರೂ ಒಂದೇ ಎತ್ತರ. "ಇದು ನನ್ನಷ್ಟೇ ಇದೆಯಲ್ಲೇ" ಅಂತ ಅಮ್ಮನಿಗೆ ಖುಷಿಯಾಯಿತು. ಕೂರಲು ಹೋದಾಗ ಖುಷಿ ಇಳಿಯಿತು. ಕೂರುವುದಲ್ಲ, ಇಳಿದು ಹೋಗುವುದು ಅದು. ಕೂತ ಮೇಲೆ ಏಳಲು ನನ್ನ ಎರಡೂ ಕೈ ಬೇಕಾಯಿತು. ಟಿಯಾಗೋದಲ್ಲೂ ಅಮ್ಮನಿಗೆ ಅದೇ ಪಾಡು. ಕಾರಿನ ತಪ್ಪಲ್ಲ, ಮಂಡಿಯದು.

ವ್ಯಾಗನ್‌ಆರ್ ಬಾಗಿಲು ತೆಗೆದಾಗ ಅಮ್ಮ ನಮ್ಮ ಮನೆಯ ಜಗಲಿಯ ಮೇಲೆ ಕೂರುವ ಹಾಗೆ ಬೆನ್ನು ತಿರುಗಿಸಿ ಕೂತರು. ಆಮೇಲೆ ಒಂದೊಂದೇ ಕಾಲು ಒಳಗೆ ತೆಗೆದುಕೊಂಡರು. ಏಳುವಾಗ ಒಂದು ಕೈ ಬಾಗಿಲಿಗೆ, ಒಂದು ಕೈ ಮಂಡಿಗೆ, ಎದ್ದು ನಿಂತೇ ಬಿಟ್ಟರು. ನನ್ನ ಕೈ ಬೇಕಾಗಲಿಲ್ಲ. 66 ಇಂಚಿನ ಎತ್ತರ ಯಾಕೆ ಬೇಕು ಅಂತ ಅವತ್ತು ತಿಳಿಯಿತು. 1999ರಲ್ಲಿ ಈ ಕಾರು ಮೊದಲು ಬಂದಾಗ ಪೆಟ್ಟಿಗೆ ಥರ ಇದೆ ಅಂತ ಜನ ನಕ್ಕಿದ್ದು ನೆನಪಿದೆ. ಮಗಳು ಈಗಲೂ ಟಿಫಿನ್ ಡಬ್ಬಿ ಅನ್ನುತ್ತಾಳೆ.

ಆದರೆ ಮಗಳ ನಿಜವಾದ ಜಗಳ ರೂಪದ್ದಲ್ಲ, ಸ್ಟಾರ್‌ನದು. ಗ್ಲೋಬಲ್ ಎನ್‌ಕ್ಯಾಪ್ ಅನ್ನುವವರು ಕಾರನ್ನು ಗುದ್ದಿಸಿ ಪರೀಕ್ಷೆ ಮಾಡಿ ಐದಕ್ಕೆ ಇಷ್ಟು ಸ್ಟಾರ್ ಅಂತ ಕೊಡುತ್ತಾರೆ. ಟಿಯಾಗೋಗೆ 2020ರಲ್ಲಿ ನಾಲ್ಕು ಸ್ಟಾರ್ ಬಂದಿತ್ತು. ವ್ಯಾಗನ್‌ಆರ್‌ಗೆ 2023ರಲ್ಲಿ ದೊಡ್ಡವರ ಸುರಕ್ಷತೆಗೆ ಒಂದೇ ಸ್ಟಾರ್. "ಒಂದು, ಅಮ್ಮ. ಒಂದು!" ಅಂತ ಬೆರಳು ತೋರಿಸಿದಳು. ನಾನು, 2025ರಿಂದ ವ್ಯಾಗನ್‌ಆರ್‌ಗೆ ಆರು ಏರ್‌ಬ್ಯಾಗ್ ಕೊಡುತ್ತಿದ್ದಾರಲ್ಲ ಅಂದೆ. "ಏರ್‌ಬ್ಯಾಗ್ ಜಾಸ್ತಿ ಮಾಡಿದ್ರೆ ಬಾಡಿ ಗಟ್ಟಿ ಆಗುತ್ತಾ? ಆ ಟೆಸ್ಟಲ್ಲಿ ಬಾಡಿನೇ ಸ್ಥಿರವಾಗಿಲ್ಲ ಅಂತ ಬರೆದಿದ್ದಾರೆ" ಅಂದಳು. ಉತ್ತರ ಇರಲಿಲ್ಲ. ಒಳ್ಳೆಯ ಲೈನಿಂಗ್ ಕೊಟ್ಟ ಮಾತ್ರಕ್ಕೆ ಮೇಲಿನ ಬಟ್ಟೆ ಗಟ್ಟಿಯಾಗುವುದಿಲ್ಲ, ಇದು ನನಗೂ ಗೊತ್ತು.

ಮೂರು ದಿನ ಮನೆಯಲ್ಲಿ ಇದೇ ಮಾತು. ಒಂದು ಕಡೆ ಅಮ್ಮನ ಮಂಡಿ, ಇನ್ನೊಂದು ಕಡೆ ಮಗಳ ಸ್ಟಾರು. ನಮ್ಮನೆಯವರು ಪೇಪರ್ ಓದುತ್ತ, "ಆಟೋನೇ ವಾಸಿ" ಅಂತ ಆಗಾಗ ಒಂದು ಕಲ್ಲು ಎಸೆಯುತ್ತಿದ್ದರು. ಕೊನೆಗೆ ಒಂದು ಒಪ್ಪಂದ ಆಯಿತು. ವ್ಯಾಗನ್‌ಆರ್ ತಗೊಳ್ಳುವುದು, ಆದರೆ ಅದು ಊರೊಳಗಿನ ಗಾಡಿ. ಹೈವೇ ಹತ್ತಿಸುವ ಹಾಗಿಲ್ಲ. ಹನುಮಂತನಗರ, ಜಯನಗರ, ಬನಶಂಕರಿ, ಹೆಚ್ಚೆಂದರೆ ಮಲ್ಲೇಶ್ವರ. ಗಂಟೆಗೆ ಇಪ್ಪತ್ತು, ಇಪ್ಪತ್ತೈದರ ಮೇಲೆ ಹೋಗಲು ಈ ರಸ್ತೆಗಳು ಬಿಡುವುದೂ ಇಲ್ಲ. ಅರಸೀಕೆರೆಗೆ ರೈಲು. ಮತ್ತೆ, ಹಿಂದೆ ಕೂತವರೂ ಬೆಲ್ಟ್ ಹಾಕಬೇಕು, ಗಾಂಧಿ ಬಜಾರಿಗೆ ಹೋಗುವಾಗಲೂ. ಇದು ಸರಿಯಾದ ತೀರ್ಮಾನವೇ ಅಂತ ಕೇಳಿದರೆ, ನಮ್ಮ ಮನೆಗೆ ಇದು ಹೊಂದಿತು ಅಂತ ಮಾತ್ರ ಹೇಳಬಲ್ಲೆ. ದಿನಾ ನೈಸ್ ರೋಡಿನಂಥ ಹೈವೇಯಲ್ಲಿ ಓಡಾಡುವವಳಾಗಿದ್ದರೆ, ಅಮ್ಮನ ಮಂಡಿ ಸರಿ ಇದ್ದಿದ್ದರೆ, ಮಗಳ ಮಾತೇ ಕೇಳುತ್ತಿದ್ದೆ.

ಈಗ ಆ ಸೈಜುಗಲ್ಲಿನ ವಿಷಯ. ವ್ಯಾಗನ್‌ಆರ್‌ನಲ್ಲಿ ಕ್ಲಚ್ ಪೆಡಲ್ ಇಲ್ಲದ ಮಾಡೆಲ್ ಒಂದಿದೆ, ಎಜಿಎಸ್ ಅನ್ನುತ್ತಾರೆ. ದುಬಾರಿ ಕಾರಿನ ಆಟೋಮ್ಯಾಟಿಕ್ ಅಲ್ಲ ಇದು. ಒಳಗೆ ಅದೇ ಮಾಮೂಲಿ ಕ್ಲಚ್ಚು, ಅದೇ ಗೇರು. ನಮ್ಮ ಎಡಗಾಲು ಮಾಡುವ ಕೆಲಸವನ್ನು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಸೆಲೆರಿಯೋ ಜೊತೆ ನಮ್ಮ ದೇಶದ ಸಣ್ಣ ಕಾರುಗಳಿಗೆ ಇದು ಬಂತು. ಗೇರ್ ಬದಲಾಗುವಾಗ ಒಂದು ಕ್ಷಣ ಗಾಡಿ ಉಸಿರು ಹಿಡಿದ ಹಾಗೆ ಆಗುತ್ತದೆ, ಕೂತವರ ತಲೆ ಸ್ವಲ್ಪ ಮುಂದೆ ಬಾಗುತ್ತದೆ. ಓಡಿಸುವ ಹುಚ್ಚು ಇರುವವರಿಗೆ ಇದು ಹಿಡಿಸುವುದಿಲ್ಲ. ನನಗೆ ಓಡಿಸುವ ಹುಚ್ಚಿಲ್ಲ, ತಲುಪುವ ಆಸೆ ಅಷ್ಟೇ. ಅಲ್ಲದೆ ಏರಿನಲ್ಲಿ ಬ್ರೇಕ್ ಬಿಟ್ಟು ಕಾಲು ಬದಲಿಸುವಷ್ಟು ಹೊತ್ತು ಗಾಡಿಯನ್ನು ತಾನೇ ಹಿಡಿದುಕೊಳ್ಳುವ ಹಿಲ್ ಹೋಲ್ಡ್ ಇದರಲ್ಲಿ ಇದೆ. ಅದು ನನ್ನ ಆಟೋದವರ ಕಲ್ಲು. ಅದಕ್ಕೆ ಸುಮಾರು ಐವತ್ತು ಸಾವಿರ ಹೆಚ್ಚು ಕೊಟ್ಟೆ. ಚೀಟಿಯ ಐದು ಲಕ್ಷದ ಮೇಲೆ ಬೇಕಾದದ್ದಕ್ಕೆ ಬಳೆ ಬ್ಯಾಂಕಿಗೆ ಹೋಯಿತು. ಎಜಿಎಸ್ ಕೊಂಡವರಿಗೆ ಒಂದು ಮಾತು. ಏರಿನ ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ಹಿಡಿದು ನಿಲ್ಲಿಸಬೇಡಿ. ಒಳಗೆ ಕ್ಲಚ್ಚು ಸುಡುತ್ತಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ. ಬ್ರೇಕ್ ಹಿಡಿಯಿರಿ.

ಶೋರೂಮಿನ ಬಗ್ಗೆ ಒಂದು ಸಣ್ಣ ಸಿಟ್ಟು. ನಾವು ಹೋದ ಶೋರೂಮುಗಳಲ್ಲಿ ಒಂದು ಕಡೆ, ಯಾವುದು ಅಂತ ಬೇಡ, ಮಾತಾಡುತ್ತಿದ್ದವಳು ನಾನು, ಉತ್ತರ ಹೋಗುತ್ತಿದ್ದದ್ದು ನಮ್ಮನೆಯವರಿಗೆ. ಟರ್ನಿಂಗ್ ರೇಡಿಯಸ್ ಎಷ್ಟು ಅಂತ ಕೇಳಿದ್ದು ನಾನು. "ಸರ್, ನಿಮಗೆ ಯಾವ ಕಲರ್ ನೋಡ್ತಿದ್ದೀರಾ ಸರ್?" ನಮ್ಮನೆಯವರು ಐದು ನಿಮಿಷ ಸಹಿಸಿ, "ನಂಗೆ ಓಡ್ಸೋಕೆ ಬರಲ್ಲಪ್ಪ, ದುಡ್ಡೂ ಅವ್ರದ್ದೇ" ಅಂದರು. ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಅವರು ಆಡಿದ ಒಳ್ಳೆಯ ಮಾತುಗಳಲ್ಲಿ ಅದೂ ಒಂದು. (ವ್ಯಾಗನ್‌ಆರ್‌ದು 4.7 ಮೀಟರು. ನಮ್ಮ ಗಲ್ಲಿಯ ತಿರುವಿಗೆ ಒಂದೇ ಸಲಕ್ಕೆ ತಿರುಗುವುದಿಲ್ಲ, ಒಮ್ಮೆ ರಿವರ್ಸ್ ಬೇಕು. ಆಲ್ಟೋ ಆಗಿದ್ದರೆ 4.5.)

ಬುಕ್ ಮಾಡಿದೆವು. ಆಯುಧ ಪೂಜೆಗೆ ಬರಲಿಲ್ಲ. ಬೆಲೆ ಇಳಿದು ಊರಿಗೆ ಊರೇ ಬುಕ್ ಮಾಡಿತ್ತು. ಅಕ್ಟೋಬರ್ ಎರಡನೇ ವಾರ ಕೆಎ 05 ನಂಬರ್ ಹೊತ್ತು ಬಂತು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಹತ್ತಿರ ಪೂಜೆ ಮಾಡಿಸಿದೆವು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಾಗ ಎಜಿಎಸ್ ನಿಧಾನಕ್ಕೆ ಮುಂದೆ ಹೋಗುವುದು ಎಷ್ಟು ಅನುಕೂಲ ಅಂತ ಗೊತ್ತಾಯಿತು. ಪಕ್ಕದಲ್ಲಿ ಒಬ್ಬ ಹುಡುಗ ಹೊಸ ಕಾರನ್ನು ನಿಂಬೆಹಣ್ಣಿನ ಮೇಲೇ ಮೂರು ಸಲ ಆಫ್ ಮಾಡಿಕೊಂಡ.

ಈಗ ಮೂರು ತಿಂಗಳಾಯಿತು. ಮೈಲೇಜ್ ಕಂಪನಿ ಹೇಳುವುದು 25ರ ಮೇಲೆ. ನಮ್ಮ ಓಡಾಟ 5 ಕಿಲೋಮೀಟರು, ಅದರಲ್ಲಿ ಎರಡು ಕಿಲೋಮೀಟರ್ ನಿಂತೇ ಇರುವುದು. ನನಗೆ 14 ಬರುತ್ತಿದೆ. ಚಿಕ್ಕಪೇಟೆಗೆ, ರಾಜಾ ಮಾರ್ಕೆಟ್ಟಿಗೆ ಲೇಸು, ಲೈನಿಂಗ್ ತರಲು ಈಗಲೂ ಮೆಟ್ರೋದಲ್ಲೇ ಹೋಗುತ್ತೇನೆ. ಅಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಎರಡು ಬ್ಲೌಸ್ ಹೊಲಿಯಬಹುದು. ನವೆಂಬರಿನಲ್ಲಿ ಕಡಲೆಕಾಯಿ ಪರಿಷೆ ನಡೆದ ದಿನಗಳಲ್ಲಿ ಬುಲ್ ಟೆಂಪಲ್ ರಸ್ತೆ ಕಡೆ ತಲೆಯೂ ಹಾಕಲಿಲ್ಲ. ಕಾರು ಗೇಟಿನೊಳಗೆ, ನಾವು ನಡೆದುಕೊಂಡು ಹೋಗಿ ಎರಡು ಸೇರು ಕಡಲೆಕಾಯಿ ತಂದೆವು. ಡಿಸೆಂಬರಿನಲ್ಲಿ ಅರಸೀಕೆರೆಯಲ್ಲಿ ಮದುವೆ. ಒಪ್ಪಂದದ ಪ್ರಕಾರ ರೈಲಿನಲ್ಲಿ ಹೋದೆವು. "ಕಾರ್ ತಗೊಂಡ್ರಂತೆ, ಎಲ್ಲಿ?" ಅಂತ ಎಲ್ಲರೂ ಕೇಳಿದರು. ಅಮ್ಮ ನಗುತ್ತ, "ಅದಕ್ಕೆ ಊರು ಬಿಡೋ ಅಪ್ಪಣೆ ಇಲ್ಲ" ಅಂದರು.

ಫಿಸಿಯೋ ಮಾತ್ರ ಒಂದು ದಿನವೂ ತಪ್ಪಿಲ್ಲ. ಗೋಡೆಯ ಮೇಲೆ ಮಾರ್ಕಿಂಗ್ ಚಾಕಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಕನ್ನಡಿ ಅಲ್ಲಿಗೆ ಬಂದರೆ ನಿಲ್ಲಿಸಬೇಕು. ಮೊದಲ ಗೀರು ನಮ್ಮದೇ ಗೇಟಿನ ಕೊಂಡಿಯಿಂದ, ಎರಡನೇ ವಾರಕ್ಕೆ. ಅಳೆದೆ. ಹನ್ನೊಂದು ಇಂಚು.

ಕಾರು ಬಂದ ದಿನವೇ ಸೀಟ್ ಕವರ್ ನಾನೇ ಹೊಲಿಯುತ್ತೇನೆ ಅಂತ ಬೀಗಿದ್ದೆ. ಬಟ್ಟೆಯೂ ತೆಗೆದಿಟ್ಟಿದ್ದೆ. ಆಗ ಗ್ಯಾರೇಜಿನವರು ತಡೆದರು. ಆರರಲ್ಲಿ ಎರಡು ಏರ್‌ಬ್ಯಾಗ್ ಮುಂದಿನ ಸೀಟುಗಳ ಪಕ್ಕದಲ್ಲೇ ಅಡಗಿರುತ್ತವಂತೆ. ಗಟ್ಟಿ ಕವರ್ ಹಾಕಿದರೆ ಸಮಯಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಅದಕ್ಕಾಗಿ ಬರುವ ಕವರ್‌ಗಳಲ್ಲಿ ಆ ಜಾಗದ ಹೊಲಿಗೆಗೆ ಬೇರೆ ದಾರ, ಒತ್ತಡ ಬಿದ್ದ ಕೂಡಲೇ ಹರಿಯಬೇಕು. ಬಾಳೆಲ್ಲ ಹೊಲಿಗೆ ಬಿಡಬಾರದು ಅಂತಲೇ ಹೊಲಿದವಳು ನಾನು. ಬಿಟ್ಟುಕೊಳ್ಳಲೆಂದೇ ಹಾಕುವ ಹೊಲಿಗೆ ನನ್ನ ಕೈಗೆ ಬರುವುದಿಲ್ಲ ಅನಿಸಿತು. ಮುಂದಿನ ಎರಡು ಸೀಟು ಹಾಗೆಯೇ ಇವೆ.

ಹಿಂದಿನ ಸೀಟಿಗೆ ಆ ತೊಂದರೆ ಇಲ್ಲ. ಅದಕ್ಕೆ ಮಾತ್ರ ಹೊಲಿದೆ. ಬಾದಾಮಿ ಬಣ್ಣದ ಕಾಟನ್, ಅಂಚಿಗೆ ಮರೂನ್ ಪೈಪಿಂಗ್. ಎರಡು ಇಂಚು ಗಿಡ್ಡ ಬಂತು. ಮಗಳು ಅದರ ಫೋಟೊ ತೆಗೆದಿಟ್ಟುಕೊಂಡಿದ್ದಾಳೆ.